ಚೀಟಿಯಲ್ಲಿ ಬರೆಯದೆ ಬಿಟ್ಟದ್ದು

ಆ ಹೋಟೆಲಿನ ಬೋರ್ಡಿನ ಮೇಲೆ ಬೇರೇನೋ ಹೆಸರಿತ್ತು. ಜನ ಮಾತ್ರ ಅದನ್ನು ಮಾಮೂಲಣ್ಣನ ಹೋಟೆಲು ಎಂದೇ ಕರೆಯುತ್ತಿದ್ದರು. ಮಾಮೂಲಣ್ಣ ಅದರ ಯಜಮಾನನಲ್ಲ, ಅಡುಗೆಯವನೂ ಅಲ್ಲ; ಮೂವತ್ತೊಂದು ವರ್ಷದಿಂದ ಅಲ್ಲಿ ಸಪ್ಲೈಯರ್. ಎಂಟು ಟೇಬಲು, ಎರಡು ಫ್ಯಾನು, ಗಲ್ಲಾದ ಹಿಂದೆ ಅಂಚು ಕಪ್ಪಾದ ಒಂದು ಕನ್ನಡಿ, ಕೈ ತೊಳೆಯುವ ಬೇಸಿನ್ನಿನ ಮೇಲೆ ಯಾವಾಗಲೂ ಅರ್ಧ ಸವೆದ ಸೋಪು. ಇಷ್ಟೇ ಆ ಜಾಗ. ಅದೇ ಬೀದಿಯಲ್ಲಿ ಅದಕ್ಕಿಂತ ಥಳಥಳಿಸುವ ಹೋಟೆಲುಗಳು ನಾಲ್ಕು ಎದ್ದಿದ್ದವು. ಹೊಸದರಲ್ಲಿ ಜನ ಅಲ್ಲಿಗೆ ಹೋಗಿ, ಒಂದು ವಾರದ ಮೇಲೆ ಮುಖ ಸಣ್ಣದು ಮಾಡಿಕೊಂಡು ಇಲ್ಲಿಗೇ ವಾಪಸಾಗುತ್ತಿದ್ದರು. ಒಳಗಿದ್ದ ಅಡುಗೆ ಅಕ್ಕನ ಕೈರುಚಿ ಅದಕ್ಕೊಂದು ಕಾರಣ. ಇನ್ನೊಂದು, ಮಾಮೂಲಣ್ಣನ ತಲೆ.

ಕೂತವರ ಮುಂದೆ ನೀರಿನ ಲೋಟ ಇಟ್ಟು 'ಮಾಮೂಲಿ ತಾನೇ?' ಎನ್ನುವುದು ಅವನ ವಾಡಿಕೆ. ಅವರು ತಲೆಯಾಡಿಸಿದರೆ ಸಾಕು. ಗಡಿಯಾರ ರಿಪೇರಿಯವರಿಗೆ ಅಂಚು ಸೀದ ಟೋಸ್ಟು, ಬ್ಯಾಂಕಿನ ಕಾವಲುಗಾರನಿಗೆ ಎರಡು ಸಲ ಸೋಸಿದ ಚಹಾ, ಹಲ್ಲು ಕಟ್ಟಿಸಿಕೊಂಡ ಮೇಷ್ಟ್ರಿಗೆ ಮೆತ್ತಗೆ ಬೆಂದ ಅನ್ನ. ಯಾರಿಗೂ ಎರಡನೇ ಸಲ ಬಾಯಿಬಿಟ್ಟು ಹೇಳುವ ಪ್ರಮೇಯ ಬರುತ್ತಿರಲಿಲ್ಲ. ಪಕ್ಕದ ಠಾಣೆಯ ಪೇದೆಯೊಬ್ಬ ಮೊದಲ ಸಲ ಅವನ ಪ್ರಶ್ನೆ ಕೇಳಿ ಗಾಬರಿಯಾಗಿ, 'ಮೆಲ್ಲಗೆ ಮಾತಾಡೋ ಮಾರಾಯ, ಮಾಮೂಲಿ ಅನ್ನೋ ಮಾತನ್ನ ನಮ್ಮ ಮುಂದೆ ಹೀಗೆ ಕೂಗಿ ಹೇಳ್ತಾರಾ?' ಅಂದಿದ್ದನಂತೆ. ಆವತ್ತು ನಕ್ಕವರೇ ಅವನಿಗೆ ಮಾಮೂಲಣ್ಣ ಎಂದು ಹೆಸರಿಟ್ಟದ್ದು.

ಅವನು ಆ ಹೋಟೆಲಿಗೆ ಬಂದದ್ದು ಪಾತ್ರೆ ತೊಳೆಯುವುದಕ್ಕೆ. ಒಂದು ದಿನ ಸಪ್ಲೈಯರ್ ಜ್ವರ ಬಂದು ಮಲಗಿದ್ದ. ಬಸ್ ಡಿಪೋದಿಂದ ಹದಿನಾಲ್ಕು ಜನ ಒಟ್ಟಿಗೆ ನುಗ್ಗಿ, ಒಬ್ಬೊಬ್ಬರು ಒಂದೊಂದು ಹೇಳಿದರು. ಇವನು ಒದ್ದೆ ಕೈ ಅಂಗಿಗೆ ಒರೆಸಿಕೊಂಡು ಎಲ್ಲ ಕೇಳಿಸಿಕೊಂಡು, ಒಂದೂ ತಪ್ಪದೆ ತಂದಿಟ್ಟ. ಮಾರನೆಯ ದಿನದಿಂದ ಅವನ ಹೆಗಲಿಗೆ ಸಪ್ಲೈಯರಿನ ಬಿಳಿ ಬಟ್ಟೆ ಬಂತು. ಆಗಿನ ಯಜಮಾನರು ತೀರಿಕೊಂಡು, ಅವರ ಮಗ ಗಲ್ಲಾದಲ್ಲಿ ಕೂತಮೇಲೆ, 'ಅಣ್ಣ, ಆರ್ಡರ್ ಬರೆಯೋಕೆ ಒಂದು ಪುಸ್ತಕ ಇಟ್ಕೊಳ್ಳಿ' ಎಂದು ಎರಡು ಮೂರು ಸಲ ಹೇಳಿದ್ದ. ಮಾಮೂಲಣ್ಣನಿಗೆ ಅದು ಅವಮಾನ ಅನ್ನಿಸಿತ್ತು. 'ಬರೆದುಕೊಳ್ಳೋದು ಗೊತ್ತಿಲ್ಲದವರು, ಯಜಮಾನ್ರೇ' ಎಂದು ನಕ್ಕು ತಳ್ಳಿಹಾಕಿದ್ದ.

ಅವನಿಗೆ ಐವತ್ತೇಳು ತುಂಬಿದ ವರ್ಷ, ಒಂದು ಶನಿವಾರ ಬೆಳಿಗ್ಗೆ, ಟೈಪಿಂಗ್ ಮೇಡಂ ಬಂದು ಮೂಲೆಯ ಟೇಬಲಿನಲ್ಲಿ ಕೂತರು. ಟೈಪಿಂಗ್ ಕಲಿಸುವ ಶಾಲೆ ನಡೆಸುತ್ತಿದ್ದ ಅವರು ಗಂಡನ ಜೊತೆ ಪ್ರತಿ ಶನಿವಾರ ಬರುತ್ತಿದ್ದವರು. ಮಾಮೂಲಣ್ಣ ಎರಡು ಲೋಟ ನೀರಿಟ್ಟು, 'ಸರ್ ಹಿಂದೆ ಬರ್ತಿದಾರಾ ಮೇಡಂ? ಅವರದ್ದೂ ಈಗಲೇ ಹೇಳಿಬಿಡ್ಲಾ?' ಎಂದ.

ಮೇಡಂ ತಲೆಯೆತ್ತಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇವನಿಗೆ ಏನಾಯಿತು ಎಂಬ ದಿಗಿಲಿತ್ತು.

'ಅವರು ಹೋಗಿ ಎಂಟು ತಿಂಗಳಾಯ್ತಲ್ಲ. ಮಣ್ಣಿಗೆ ನೀವೇ ಬಂದಿದ್ರಿ' ಎಂದರು.

'ಅಯ್ಯೋ, ಬಾಯಿ ತಪ್ಪಿತು ಮೇಡಂ' ಎಂದು ಒಂದು ಲೋಟ ಎತ್ತಿಕೊಂಡು ಒಳಗೆ ಹೋದ. ಆದರೆ ತಪ್ಪಿದ್ದು ಬಾಯಲ್ಲ ಎಂಬುದು ಅವನಿಗೆ ಗೊತ್ತಿತ್ತು. ನೀರಿನ ಡ್ರಮ್ಮಿನ ಪಕ್ಕ ನಿಂತು ಆ ಸಾವಿನ ದಿನವನ್ನು ನೆನೆಯಲು ನೋಡಿದ. ಯಾರದೋ ಒದ್ದೆ ಚಪ್ಪಲಿಗಳ ಸಾಲು ಕಣ್ಣಮುಂದೆ ಬಂತು. ಅದರಾಚೆಗೆ ಏನೂ ಇರಲಿಲ್ಲ. ಗೋಡೆಗೆ ಕೈಯಿಟ್ಟು ಹುಡುಕಿದರೆ ಬಾಗಿಲೇ ಸಿಗದ ಹಾಗೆ.

ಈ ಭಯದ ಮುಖ ಅವನಿಗೆ ಹೊಸದಲ್ಲ. ಅವನ ಸ್ವಂತ ಅಣ್ಣ ಬಸ್ ಕಂಡಕ್ಟರಾಗಿದ್ದವನು. ಅರವತ್ತೆರಡನೇ ವಯಸ್ಸಿನಲ್ಲಿ ತನ್ನ ಮನೆಯ ಮುಂದಿನ ಸ್ಟಾಪಿನಲ್ಲೇ ಇಳಿದು, ಮನೆ ಯಾವುದೆಂದು ಕಂಡವರನ್ನೆಲ್ಲ ಕೇಳಿದ್ದ. ಈಗ ಮಗಳ ಮನೆಯಲ್ಲಿ, ಕಿಟಕಿಯ ಬಳಿ ಮಂಚದ ಮೇಲೆ ಕೂತು, ಹಳೆಯ ಪೇಪರನ್ನು ಸಣ್ಣಗೆ ಹರಿದು ಬಂದವರಿಗೆಲ್ಲ ಟಿಕೆಟ್ ಕೊಡುತ್ತಾನೆ. ಮಾಮೂಲಣ್ಣ ತನ್ನ ವಾರದ ರಜೆ ಮಂಗಳವಾರದಂದು ಹೋಗಿ ಅವನಿಗೆ ಗಡ್ಡ ಹೆರೆದು, ಉಗುರು ಕತ್ತರಿಸಿ, ಒಂದು ಟಿಕೆಟ್ ಇಸಕೊಂಡು ಬರುತ್ತಿದ್ದ. 'ಎಲ್ಲಿಗೆ?' ಎಂದು ಅಣ್ಣ ಕೇಳುತ್ತಿದ್ದ. ತಮ್ಮನೆಂಬ ಗುರುತು ಆ ಕಣ್ಣಲ್ಲಿ ಇರುತ್ತಿರಲಿಲ್ಲ. ಆ ಶನಿವಾರದ ನಂತರದ ಮಂಗಳವಾರ ಮಾಮೂಲಣ್ಣ ಅಣ್ಣನನ್ನು ನೋಡಲು ಹೋಗಲೇ ಇಲ್ಲ. ಹೆಂಡತಿಗೆ ಮಂಡಿ ನೋವು ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ಹೆಂಡತಿ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಅವಳ ಕಣ್ಣಿಗೆ ಏನಾದರೂ ಬಿದ್ದೀತೆಂದು ಅವನು ಮಾತೇ ಕಡಿಮೆ ಮಾಡಿದ. ಮಾತಾಡಿದರೆ ತಾನೇ ತಪ್ಪುವುದು? ಅವಳು ದಾರ ಕಚ್ಚುತ್ತ, 'ಏನ್ರೀ, ಬಾಯಿಗೆ ಬೀಗ ಹಾಕಿದೀರಾ?' ಎಂದರೆ 'ಸುಸ್ತು ಕಣೇ' ಅನ್ನುತ್ತಿದ್ದ.

ಹೋಟೆಲಿನಲ್ಲಿ ಮಾತ್ರ ಮಾತು ತಪ್ಪಿಸುವಂತಿರಲಿಲ್ಲ. ಹಾಗಾಗಿ ಅವನು ಯಾರಿಗೂ ಕಾಣದ ಹಾಗೆ ಬರೆಯಲು ಶುರುಮಾಡಿದ. ಕ್ಯಾಲೆಂಡರಿನ ಹಾಳೆ ಹರಿದು, ಬೆರಳುದ್ದದ ಚೀಟಿ ಮಾಡಿ, ತಲೆಯಲ್ಲಿ ಇನ್ನೂ ಉಳಿದಿದ್ದನ್ನೆಲ್ಲ ಇಳಿಸಿದ. 'ಗಡಿಯಾರ – ಸೀದದ್ದು.' 'ಮೂಲೆ ಮೇಡಂ – ಒಬ್ಬರೇ. ಕೇಳಬಾರದು.' 'ಮೇಷ್ಟ್ರು – ಮೆತ್ತಗೆ.' ಐವತ್ತಕ್ಕೂ ಹೆಚ್ಚು ಚೀಟಿಗಳಾದವು. ಕೆಲವು ಅಂಗಿಯ ಜೇಬಿನಲ್ಲಿ, ಕೆಲವು ಹೆಗಲ ಬಟ್ಟೆಯ ಮಡಿಕೆಯಲ್ಲಿ, ಮಿಕ್ಕವು ತಟ್ಟೆ ಜೋಡಿಸುವ ಸ್ಟ್ಯಾಂಡಿನ ಹಿಂದೆ. ಗಿರಾಕಿಗೆ ನೀರಿಟ್ಟು, 'ಮಾಮೂಲಿ ತಾನೇ?' ಎಂದು ನಗುತ್ತ ಕೇಳಿ, ಸ್ಟ್ಯಾಂಡಿನ ಮರೆಗೆ ಹೋಗಿ ಚೀಟಿ ನೋಡಿ, ಅಲ್ಲಿಂದ ಅಡುಗೆ ಮನೆಗೆ ಕೂಗು ಹಾಕುತ್ತಿದ್ದ. ಆ ನಾಲ್ಕು ಹೆಜ್ಜೆ ದಾಟುವಷ್ಟರಲ್ಲಿ ಬೆನ್ನು ಬೆವರಿ ಅಂಗಿ ಅಂಟಿಕೊಳ್ಳುತ್ತಿತ್ತು. ಗಲ್ಲಾದ ಹಿಂದಿನ ಕನ್ನಡಿಯಲ್ಲಿ ಸ್ಟ್ಯಾಂಡು ಕಾಣುತ್ತದೆಯೇ ಎಂದು ಒಮ್ಮೆ ಯಜಮಾನ ಇಲ್ಲದಾಗ ಅವನ ಕುರ್ಚಿಯಲ್ಲಿ ಕೂತು ನೋಡಿದ. ಸ್ವಲ್ಪ ಕಂಡಿತು. ಮಾರನೆಯ ದಿನ ಸ್ಟ್ಯಾಂಡನ್ನೇ ಒಂದು ಗೇಣು ಆಚೆ ಸರಿಸಿದ.

ಹೀಗೆ ಐದು ತಿಂಗಳು ದಾಟಿಸಿದ. ತಪ್ಪು ಆಗಲಿಲ್ಲವೆಂದಲ್ಲ. ಗಡಿಯಾರದವರಿಗೆ ಬಿಳಿ ಟೋಸ್ಟು ಹೋಯಿತು, ಅವರು ನಕ್ಕು ತಿಂದರು. ಮೇಷ್ಟ್ರು ಬಂದು ಕೂತು ಕಾಲು ಗಂಟೆಯಾದರೂ ಅವರ ಆರ್ಡರೇ ಹೋಗಿರಲಿಲ್ಲ. 'ನಿಮಗೂ ವಯಸ್ಸಾಯ್ತು ಅನ್ನಿ' ಎಂದರು ಮೇಷ್ಟ್ರು. ಅವನೂ ನಕ್ಕ. ಒಳಗೆ ಜೀವ ಬಾಯಿಗೆ ಬಂದಿತ್ತು.

ಪ್ರತಿ ಭಾನುವಾರ ಮಧ್ಯಾಹ್ನ ಆರನೇ ಟೇಬಲಿಗೆ ಕನ್ನಡಕದಂಗಡಿಯವರು ಮಗಳನ್ನು ಕರೆದುಕೊಂಡು ಬರುತ್ತಿದ್ದರು. ಹುಡುಗಿಗೆ ಆಗ ಒಂಬತ್ತು ವರ್ಷ. ಈಜು ಕಲಿತು ಬರುತ್ತಿದ್ದದ್ದರಿಂದ ಜಡೆ ಇನ್ನೂ ಒದ್ದೆಯಾಗಿರುತ್ತಿತ್ತು. ನಾಲ್ಕು ವರ್ಷದವಳಿದ್ದಾಗ ಅವಳ ಅಪ್ಪ ಮೊದಲ ಸಲ ಬಂದು, ಮಾಮೂಲಣ್ಣನ ಕೈ ಹಿಡಿದು ಹೇಳಿದ್ದರು: 'ಕಡಲೆಕಾಯಿ ಇವಳಿಗೆ ವಿಷ. ಒಂದು ಚೂರು ಹೋದರೂ ಗಂಟಲು ಊದಿ ಉಸಿರು ನಿಲ್ಲುತ್ತೆ. ಒಂದು ಸಲ ಆಗಿದೆ, ದೇವರು ದೊಡ್ಡವನು, ಬದುಕಿಕೊಂಡಳು.' ಅಡುಗೆ ಅಕ್ಕ ಗ್ರೇವಿಗೆ ಕಡಲೆಕಾಯಿ ಹುರಿದು ನುಣ್ಣಗೆ ಅರೆದು ಹಾಕುತ್ತಿದ್ದಳು. ಜನ ಬಾಯಿ ಚಪ್ಪರಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದದ್ದೇ ಆ ರುಚಿಗೆ. ಅಂದಿನಿಂದ ಆ ಹುಡುಗಿಗೆಂದೇ ಒಂದು ಬಾಣಲೆ ಬೇರೆ ಇಟ್ಟರು. ಮಾಮೂಲಣ್ಣ ಒಳಗೆ ಹೋಗಿ 'ಕೂಸಿನ ಪ್ಲೇಟು ಒಂದು' ಎಂದರೆ ಸಾಕು, ಅಡುಗೆ ಅಕ್ಕ ಕೈ ತೊಳೆದು ಆ ಬಾಣಲೆ ಇಳಿಸುತ್ತಿದ್ದಳು. ಐದು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಅವಳ ಅಪ್ಪನೂ ನೆನಪಿಸುವುದನ್ನು ಬಿಟ್ಟಿದ್ದರು. ಬೇರೆಲ್ಲೂ ಮಗಳಿಗೆ ಏನನ್ನೂ ತಿನ್ನಗೊಡದ ಆ ಮನುಷ್ಯ ಇಲ್ಲಿ ಮಾತ್ರ ನೆಮ್ಮದಿಯಾಗಿ ಪೇಪರ್ ಬಿಡಿಸಿ ಕೂರುತ್ತಿದ್ದರು.

ಆ ಭಾನುವಾರ ಎಂಟೂ ಟೇಬಲು ತುಂಬಿ, ಬಾಗಿಲಲ್ಲಿ ಆರು ಜನ ಕಾಯುತ್ತಿದ್ದರು. ಮಾಮೂಲಣ್ಣ ಆರನೇ ಟೇಬಲಿಗೆ ನೀರಿಟ್ಟು 'ಮಾಮೂಲಿ ತಾನೇ?' ಎಂದ. ಅಪ್ಪ ಪೇಪರಿನಿಂದ ಕಣ್ಣೆತ್ತದೆ ಹೂಂಗುಟ್ಟಿದರು. ಹುಡುಗಿ, 'ಅಣ್ಣಾ, ಇವತ್ತು ನಾನು ಆಳದ ಕಡೆ ಈಜಿದೆ' ಎಂದಳು. 'ಹೌದಾ ಪುಟ್ಟಾ?' ಎಂದು ಅವಳ ತಲೆ ಸವರಿ ಸ್ಟ್ಯಾಂಡಿನ ಮರೆಗೆ ಬಂದ.

ಮುಖಗಳು ಗೊತ್ತು. ಈಜು ಗೊತ್ತು. ಈ ಟೇಬಲಿನ ಬಗ್ಗೆ ಒಳಗೆ ಏನೋ ಒಂದು ಮಾತು ಹೇಳಲೇಬೇಕು ಎಂಬುದೂ ಗೊತ್ತು. ಆ ಮಾತು ಮಾತ್ರ ಇಲ್ಲ. ಚೀಟಿ ತಡಕಿದ, ಸಿಕ್ಕಿತು. ಅದರಲ್ಲಿ ಅವನದೇ ಅಕ್ಷರದಲ್ಲಿ ಹೀಗಿತ್ತು: 'ಆರು – ಹುಡುಗಿ – ಅದು ಬೇಡ.'

ಅದು ಎಂದರೆ ಯಾವುದು? ಬರೆಯುವಾಗ ಇದೊಂದನ್ನು ತಾನು ಜನ್ಮದಲ್ಲಿ ಮರೆಯುವುದುಂಟೇ ಎಂದುಕೊಂಡು ಅಷ್ಟಕ್ಕೇ ಬಿಟ್ಟಿದ್ದ. ಈಗ ಆ ಎರಡಕ್ಷರವನ್ನು ಮತ್ತೆ ಮತ್ತೆ ಓದಿದ. ಖಾರ ಬೇಡವೋ? ಈರುಳ್ಳಿ ಬೇಡವೋ? ಹೋಗಿ ಕೇಳಿದರಾಯಿತು, ಬರೀ ಆರು ಹೆಜ್ಜೆ. ಆದರೆ ಕೇಳಿದರೆ ಅವರು ಪೇಪರ್ ಮಡಚಿ ನೋಡುತ್ತಾರೆ, ಆವತ್ತು ಮೇಡಂ ನೋಡಿದರಲ್ಲ, ಹಾಗೆ. ಆಮೇಲೆ ಯಜಮಾನನಿಗೆ ಗೊತ್ತಾಗುತ್ತದೆ. ಆಮೇಲೆ ಕಿಟಕಿಯ ಬಳಿ ಒಂದು ಮಂಚ. 'ಸಪ್ಲೈ' ಎಂದು ಮೂರನೇ ಟೇಬಲಿನವರು ಕೂಗಿದರು. ಅವನು ಅಡುಗೆ ಮನೆಯ ಕಡೆ ತಿರುಗಿ, 'ಆರಕ್ಕೆ ಎರಡು. ಒಂದಕ್ಕೆ ಖಾರ ಕಡಿಮೆ' ಎಂದುಬಿಟ್ಟ.

ಒಳಗಿನ ಹೊಗೆಯಲ್ಲಿ ಅಡುಗೆ ಅಕ್ಕ, 'ಯಾವುದೋ ಬೇರೆ ಮಗು ಬಂದಿದೆ' ಎಂದುಕೊಂಡಳು. ಕೂಸಿನ ಪ್ಲೇಟು ಎಂಬ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

ಎರಡು ಪ್ಲೇಟು ತೆಗೆದುಕೊಂಡು ಹೋಗಿ ಟೇಬಲಿನ ಮೇಲಿಟ್ಟ. ಎರಡರ ಬಣ್ಣವೂ ಒಂದೇ. ಅವನು ಮೂರನೇ ಟೇಬಲಿನ ಕಡೆ ನಾಲ್ಕು ಹೆಜ್ಜೆ ಇಟ್ಟಿರಬಹುದು. ಬೆನ್ನ ಹಿಂದೆ ಚಮಚ ತಟ್ಟೆಗೆ ತಾಗಿದ ಸದ್ದಾಯಿತು. ಅವನಿಗೆ ಇನ್ನೂ ಏನೂ ನೆನಪಾಗಿರಲಿಲ್ಲ. ಭಯ ಮಾತ್ರ ಕಾಲಿನಿಂದ ಏರಿ ಎದೆಗೆ ಬಂತು. ಗಿರಕ್ಕನೆ ತಿರುಗಿ ಓಡಿಬಂದು, ಹುಡುಗಿಯ ತಟ್ಟೆಯ ಮೇಲೆ, ಬಿಸಿ ಗ್ರೇವಿಯ ಮೇಲೇ, ತನ್ನ ಅಂಗೈ ಊರಿದ.

'ತಿನ್ನಬೇಡ ಪುಟ್ಟಾ. ಸರ್, ನಾನು ಮರೆತುಬಿಟ್ಟಿದೀನಿ. ಇವಳಿಗೆ ಏನು ಬೇಡ ಅಂತ ನನಗೆ ಗೊತ್ತಿಲ್ಲ. ಏನು ಬೇಡ, ಹೇಳಿ ಸರ್.'

'ಕಡಲೆಕಾಯಿ' ಎಂದು ಕೂಗಿ ಅಪ್ಪ ಪೇಪರ್ ಎಸೆದರು. ಆಮೇಲೆ ಮಗಳ ಕಡೆ ತಿರುಗಿದರು. ಅವಳು ಒಂದು ಚಮಚ ನುಂಗಿಯಾಗಿತ್ತು. 'ಅಪ್ಪಾ, ನಾಲಿಗೆ ಚುರುಚುರು ಅಂತಿದೆ' ಎಂದಳು. ನೋಡನೋಡುತ್ತಿದ್ದಂತೆ ಅವಳ ತುಟಿ ದಪ್ಪಗಾಗತೊಡಗಿತು.

ಮುಂದಿನದು ಮಾಮೂಲಣ್ಣನಿಗೆ ಚೂರುಚೂರಾಗಿ ಉಳಿಯಿತು. ಅಪ್ಪ ಬ್ಯಾಗನ್ನು ನೆಲಕ್ಕೆ ಸುರಿದು ಪೆನ್ನಿನಂಥದ್ದೊಂದು ಇಂಜೆಕ್ಷನ್ ಹುಡುಕಿ ಮಗಳ ತೊಡೆಗೆ ಒತ್ತಿದ್ದು. ಒದ್ದೆ ಟವೆಲು, ಈಜಿನ ಕನ್ನಡಕ ನೆಲದಲ್ಲಿ ಬಿದ್ದಿದ್ದು. ಮೇಷ್ಟ್ರು ಹೊರಗೆ ಓಡಿ ಬೀದಿಯ ನಡುವೆ ನಿಂತು ಆಟೋ ಅಡ್ಡಗಟ್ಟಿದ್ದು. ಹುಡುಗಿಯ ಉಸಿರು ಸೀಟಿಯಂತೆ ಸದ್ದು ಮಾಡುತ್ತಿದ್ದದ್ದು. ಯಜಮಾನ ಗಲ್ಲಾ ಬಿಟ್ಟು ಅವರ ಜೊತೆ ಹತ್ತಿದ. ಮಾಮೂಲಣ್ಣನೂ ಹೆಗಲ ಬಟ್ಟೆಯ ಸಮೇತ ಹಿಂದಿನ ಆಟೋ ಹಿಡಿದ.

ಆಸ್ಪತ್ರೆಯ ಬೆಂಚಿನ ಮೇಲೆ ಮೂರು ಗಂಟೆ ಕೂತ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ನೋವು ಗೊತ್ತಾಗಲಿಲ್ಲ. ಪರದೆಯ ಆಚೆ ನರ್ಸುಗಳ ಚಪ್ಪಲಿ ಸದ್ದು ಜೋರಾದರೆ ಅವನ ಎದೆ ಧಸಕ್ಕೆನ್ನುತ್ತಿತ್ತು, ಸದ್ದು ನಿಂತರೆ ಇನ್ನೂ ಹೆಚ್ಚು. ಅವನ ದೊಡ್ಡ ಹೆದರಿಕೆ ಬೇರೆಯೇ ಆಗಿತ್ತು. ತಾನು ಇಲ್ಲಿ ಯಾಕೆ ಕೂತಿದ್ದೇನೆ ಎಂಬುದೇ ಇನ್ನೊಂದು ಗಳಿಗೆಯಲ್ಲಿ ಮರೆತುಹೋದರೆ? ಹಾಗಾಗಿ ಒಂದೇ ಮಾತನ್ನು ಮಗ್ಗಿಯಂತೆ ಹೇಳಿಕೊಳ್ಳುತ್ತಿದ್ದ. ಕಡಲೆಕಾಯಿ, ನಾನು, ಹುಡುಗಿ. ಕಡಲೆಕಾಯಿ, ನಾನು, ಹುಡುಗಿ.

ಕೊನೆಗೆ ಅಪ್ಪ ಹೊರಗೆ ಬಂದರು. 'ಉಸಿರು ಸರಿಹೋಗಿದೆ. ನಾಳೆವರೆಗೆ ಇಟ್ಕೋತಾರಂತೆ' ಎಂದು ಯಜಮಾನನಿಗೆ ಹೇಳಿದರು. ಆಮೇಲೆ ಮಾಮೂಲಣ್ಣನ ಮುಂದೆ ಬಂದು ನಿಂತರು. ಇವನು ಎದ್ದು ಕೈ ಮುಗಿದ.

'ಐದು ವರ್ಷ ಅವಳ ಜೀವಾನ ನಿಮ್ಮ ಕೈಲಿಟ್ಟು ನಾನು ಪೇಪರ್ ಓದ್ತಾ ಕೂತಿದ್ದೆ' ಎಂದರು ಅವರು. 'ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?'

'ಭಯ ಆಯ್ತು ಸರ್.'

'ಯಾತರ ಭಯ?'

ಮಾಮೂಲಣ್ಣ ಜೇಬಿಗೆ ಕೈಹಾಕಿ ಚೀಟಿಗಳನ್ನೆಲ್ಲ ತೆಗೆದು ಬೆಂಚಿನ ಮೇಲೆ ಹರಡಿದ. ಅವರು ಒಂದೊಂದೇ ಎತ್ತಿ ಓದಿದರು. 'ಆರು – ಹುಡುಗಿ – ಅದು ಬೇಡ' ಎಂಬುದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಅದನ್ನು ಯಜಮಾನನ ಕೈಗೆ ಕೊಟ್ಟು ಪರದೆಯ ಆಚೆ ಹೋದರು.

'ನನಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಣ್ಣ' ಎಂದ ಯಜಮಾನ.

'ಹೇಳಿದ್ರೆ ಟೇಬಲ್ ಬಿಡಿಸ್ತಿದ್ರಿ.'

ಯಜಮಾನ ಸುಳ್ಳು ಹೇಳಲಿಲ್ಲ. 'ಹೌದು, ಬಿಡಿಸ್ತಿದ್ದೆ' ಎಂದ.

ಆವತ್ತು ಸಂಜೆ ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದ. ಅವಳು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು. 'ನನಗೆ ಗೊತ್ತಿತ್ತು' ಎಂದಳು. 'ಹೋದ ತಿಂಗಳು ನೀವು ಒಂದೇ ದಿನ ಮೂರು ಸಲ ಹಾಲು ತಂದ್ರಿ. ಕೇಳೋಕೆ ನನಗೂ ಧೈರ್ಯ ಬರಲಿಲ್ಲ ಕಣ್ರೀ.' ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಭಯವನ್ನು ಬೇರೆಬೇರೆ ಬಚ್ಚಿಟ್ಟುಕೊಂಡು ಕೂತಿದ್ದರು.

ಆ ವಾರವೇ ಹೆಂಡತಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಐದು ಪದ ಹೇಳಿ, ಸ್ವಲ್ಪ ಹೊತ್ತು ಬೇರೆ ಮಾತಾಡಿಸಿ, ಮತ್ತೆ ಕೇಳಿದರು. ಹದಿನಾಲ್ಕು ಜನರ ಆರ್ಡರು ಒಟ್ಟಿಗೆ ಹೊತ್ತ ತಲೆಯಿಂದ ಎರಡೇ ಪದ ಹೊರಬಂದವು. 'ಇದು ಶುರು. ಔಷಧಿಯಿಂದ ನಿಧಾನ ಮಾಡಬಹುದು. ನಿಲ್ಲಿಸೋಕೆ ಆಗಲ್ಲ' ಎಂದರು. ಇಷ್ಟು ದಿನ ಬೆನ್ನ ಹಿಂದೆ ನಡೆದು ಬರುತ್ತಿದ್ದದ್ದು ಈಗ ಎದುರು ಬಂದು ನಿಂತಿತ್ತು. ಹೆದರಿಕೆ ಕಡಿಮೆಯೇನೂ ಆಗಲಿಲ್ಲ. ಬಚ್ಚಿಡುವ ಕೆಲಸ ಮಾತ್ರ ತಪ್ಪಿತು.

ಯಜಮಾನ ಅವನನ್ನು ಮನೆಗೆ ಕಳಿಸಲಿಲ್ಲ, ಟೇಬಲಿನ ಹತ್ತಿರವೂ ಬಿಡಲಿಲ್ಲ. ಬೆಳಗಿನ ಹೊತ್ತು ಅಡುಗೆ ಅಕ್ಕನ ಪಕ್ಕ ಸ್ಟೂಲ್ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುವುದು, ಬೀನ್ಸಿನ ನಾರು ತೆಗೆಯುವುದು. ಹೊಸ ಸಪ್ಲೈಯರ್ ಹೆಂಗಸೊಬ್ಬಳು ಬಂದಳು. ಅವಳ ಕೈಯಲ್ಲಿ ಆರ್ಡರ್ ಬರೆಯುವ ಪುಸ್ತಕವಿತ್ತು. ಮೊದಲ ಹದಿನೈದು ದಿನ ಅವನು ನೆನಪಾದಷ್ಟನ್ನು ಅವಳಿಗೆ ಹೇಳಿ ಬರೆಸಿದ. ಕಡಲೆಕಾಯಿಯ ವಿಷಯವನ್ನು ಅಡುಗೆ ಮನೆಯ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿದರು. ಕೆಲವರು ಬರುವುದನ್ನು ಬಿಟ್ಟರು. ಮೇಷ್ಟ್ರು, ಗಡಿಯಾರದವರು, ಟೈಪಿಂಗ್ ಮೇಡಂ ಬರುತ್ತಲೇ ಇದ್ದರು. ಮೇಡಂ ಒಳಗೆ ಬಗ್ಗಿ, 'ನಾನು ಟೈಪಿಂಗ್ ಕಲಿಸೋಳು, ಶನಿವಾರ ಬರ್ತೀನಿ' ಎಂದು ತಾವೇ ಗುರುತು ಹೇಳಿಕೊಂಡು, ಅವನನ್ನು ಮಾತಾಡಿಸಿ ಹೋಗುತ್ತಿದ್ದರು.

ಎರಡು ವರ್ಷದಲ್ಲಿ ಬಹಳಷ್ಟು ಹೋಯಿತು. ಹೋಟೆಲಿನ ದಾರಿ ತಪ್ಪತೊಡಗಿದ ಮೇಲೆ ಹೆಂಡತಿಯೇ ಬೆಳಿಗ್ಗೆ ತಂದು ಬಿಟ್ಟು, ಹನ್ನೆರಡಕ್ಕೆ ಬಂದು ಕರೆದೊಯ್ಯುತ್ತಿದ್ದಳು. ಅಣ್ಣನ ಸಾವನ್ನು ಅವನಿಗೆ ಎರಡು ಸಲ ಹೇಳಬೇಕಾಯಿತು. ಆದರೆ ಭಾನುವಾರದ ಭಯ ಮಾತ್ರ ಹೋಗಲಿಲ್ಲ. ಭಾನುವಾರವೆಂದು ಯಾರೂ ಹೇಳದಿದ್ದರೂ, ಹೊರಗೆ ಜನರ ಗದ್ದಲ ಏರಿದರೆ ಸಾಕು, ಅವನ ಕೈಯಲ್ಲಿದ್ದ ಬೆಳ್ಳುಳ್ಳಿ ಕೆಳಗೆ ಬೀಳುತ್ತಿತ್ತು.

'ಅಕ್ಕಾ, ಒಂದು ಮಗು ಇತ್ತಲ್ಲ. ನಾನು ಏನೋ ಕೊಟ್ಟುಬಿಟ್ಟೆ. ಅದು ಏನಾಯ್ತು?' ಎನ್ನುತ್ತಿದ್ದ. ಮುಖ ಬಿಳಿಚಿಕೊಂಡಿರುತ್ತಿತ್ತು.

ಅಡುಗೆ ಅಕ್ಕ ಒಲೆ ಸಣ್ಣ ಮಾಡಿ ಅವನ ಕಡೆ ತಿರುಗುತ್ತಿದ್ದಳು. 'ಚೆನ್ನಾಗಿದಾಳೆ ಅಣ್ಣಾ. ಏಳು ತಿಂಗಳಾದ ಮೇಲೆ ಅವಳಪ್ಪನೇ ಕರ್ಕೊಂಡು ಬಂದಿದ್ರು. ಇಲ್ಲೇ ಬಾಗಿಲಲ್ಲಿ ನಿಂತು ನಿಮ್ಮನ್ನ ಮಾತಾಡಿಸಿದಳು, ನಿಮ್ಮ ಕೈ ನೋಡಿದಳು. ಈಗಲೂ ಬರ್ತಾಳೆ. ಊಟದ ಡಬ್ಬಿ ಮನೆಯಿಂದಲೇ ತರ್ತಾಳೆ.'

'ನಿಜವಾಗ್ಲೂ? ನಾನು ನೋಡಿದೀನಾ?'

'ನೀವೇ ನೋಡಿದೀರಿ.'

ಅವನು ಅಂಗೈ ಬಿಡಿಸಿ, ಮಾಸಿದ ಸುಟ್ಟ ಕಲೆಯನ್ನು ನೋಡಿಕೊಳ್ಳುತ್ತಿದ್ದ. ಯಾಕೆ ಆಯಿತೆಂದು ಗೊತ್ತಿರಲಿಲ್ಲ. ಉದ್ದನೆಯ ಉಸಿರು ಬಿಟ್ಟು, ಬಿದ್ದ ಬೆಳ್ಳುಳ್ಳಿ ಆಯ್ದುಕೊಂಡು ಮತ್ತೆ ಸುಲಿಯಲು ಕೂರುತ್ತಿದ್ದ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದೇ ಭಯ ಅದೇ ಮುಖದಲ್ಲಿ ಬರುತ್ತಿತ್ತು. ಅಡುಗೆ ಅಕ್ಕ ಮತ್ತೆ ಒಲೆ ಸಣ್ಣ ಮಾಡುತ್ತಿದ್ದಳು.